ಹಲ್ಲು ಕಳಚಿಡುವ ಹೊತ್ತು

ಜನವರಿ 16

ಗೆನ್ಚೋ ಅವರು ನಮ್ಮ ವೃದ್ಧಾಶ್ರಮದ ಊಟದ ಮನೆಯಲ್ಲಿ ಮೇಜಿನಿಂದ ಮೇಜಿಗೆ ಹೇಳಿಕೊಂಡು ಬಂದ ಕಥೆ ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ತಪ್ಪು. ಅದನ್ನು ಇಲ್ಲಿ ತಿದ್ದುತ್ತೇನೆ. ಅಲ್ಲಿಯೇ ತಿದ್ದಲು ಹೊರಟಿದ್ದರೆ ನಾನು ಧ್ವನಿ ಏರಿಸಬೇಕಾಗುತ್ತಿತ್ತು; ಜೀವಮಾನವೆಲ್ಲ ಧ್ವನಿ ಏರಿಸದೆ ಭಾಷೆ ಕಲಿಸಿದವಳು ಒಬ್ಬ ನಿವೃತ್ತ ರೈಲು ಚಾಲಕರ ಸಲುವಾಗಿ ಆ ನಿಯಮವನ್ನು ಮುರಿಯಲಾರಳು.

ಅವರ ಪ್ರಕಾರ, ನನ್ನ ಕೋಣೆಯ ಜೊತೆಗಾತಿ ಶ್ರೀಮತಿ ದೋನ್ಕಾ ಅವರಿಗೆ ಭಾನುವಾರ ಬೆಳಿಗ್ಗೆ ನಾನು ತೆರೆದಿಟ್ಟ ಕಿಟಕಿಯಿಂದ "ಗಾಳಿ ಹೊಡೆಯಿತು". ಅವರು ನಿಂತಲ್ಲೇ ಕುಸಿದರು. ಗೆನ್ಚೋ ಓಡಿ ಬಂದು ಕಿಟಕಿ ಮುಚ್ಚಿ ಆಂಬುಲೆನ್ಸ್ ಕರೆಸಿದರು.

ನಡೆದದ್ದು ಇದು. ದೋನ್ಕಾ ಅವರು ಕುಸಿಯಲಿಲ್ಲ. ಪಾರ್ಶ್ವವಾಯುವಿನಿಂದ ಬಲಭಾಗ ಬಿದ್ದುಹೋದವರು ಹಿಡಿದು ನಿಲ್ಲಿಸದೆ ನಿಲ್ಲುವುದೇ ಇಲ್ಲ, ಅವರು ಮಂಚದಲ್ಲಿದ್ದರು. ಶನಿವಾರ ಸಂಜೆಯೇ ಅವರ ಉಸಿರಿನಲ್ಲಿ ಒದ್ದೆ ಸದ್ದೊಂದು ಸೇರಿಕೊಂಡಿತ್ತು, ನಲ್ಲಿಯೊಳಗೆ ಗಾಳಿ ಸಿಕ್ಕಿದಾಗ ಬರುವಂಥದು. ಅದನ್ನು ಕೇಳಿ ನರ್ಸ್ ರೂಝಾ ಅವರಿಗೆ ತಿಳಿಸಿದವಳು ನಾನು. ಆಂಬುಲೆನ್ಸ್ ಕರೆಸಿದವರು ರೂಝಾ. ಎರಡು ದಿನಗಳಿಂದ ಹಿಮ ಬೀಳುತ್ತಿದ್ದುದರಿಂದ ಕಿಟಕಿ ತೆರೆದೇ ಇರಲಿಲ್ಲ. ಗೆನ್ಚೋ ಬಂದದ್ದು ಗಾಡಿ ಗೇಟು ದಾಟಿದ ಮೇಲೆ, ಕೈಯಲ್ಲಿ ಅರ್ಧ ತಿಂದ ಬ್ರೆಡ್ ಹಿಡಿದುಕೊಂಡು.

ಇನ್ನು ಗಾಳಿ ಯಾರನ್ನೂ ಹೊಡೆಯುವುದಿಲ್ಲ. ಗಾಳಿ ಬೀಸುತ್ತದೆ. ಹೊಡೆಯುವವರು ಮನುಷ್ಯರು, ಅದೂ ಹೆಚ್ಚಾಗಿ ನಾಲಿಗೆಯಿಂದ.

ಶ್ವಾಸಕೋಶದ ಸೋಂಕು ಅವರಿಗೆ ಈ ಚಳಿಗಾಲದಲ್ಲಿ ಇದು ಎರಡನೆಯ ಸಲ.

ಜನವರಿ 19

ನಾನು ಊಟಕ್ಕೆ ಹೋಗಿದ್ದಾಗ ಯಾರೋ ನನ್ನ ಕಿಟಕಿಯ ಸಂದುಗಳಿಗೆಲ್ಲ ಹಳೆಯ ಕಾಲುಚೀಲಗಳನ್ನು ತುರುಕಿದ್ದಾರೆ. ಎದುರು ಕೋಣೆಯ ಅಕ್ಕತಂಗಿಯರಾದ ವೆಲಾ ಮತ್ತು ಕುನಾ ಅವರ ಕೆಲಸವೆಂದು ಕಾಲುಚೀಲಗಳ ಬಣ್ಣವೇ ಹೇಳುತ್ತದೆ. ನಮ್ಮ ನಾಡಿನಲ್ಲಿ ಗಾಳಿಯ ಸೆಳೆತಕ್ಕೆ ಹೆದರುವಷ್ಟು ಜನ ಯುದ್ಧಕ್ಕೂ ಹೆದರಿರಲಾರರು. ಬಸ್ಸಿನಲ್ಲಿ ಬೆಂದುಹೋದರೂ ಸರಿ, ಎದುರುಬದುರು ಎರಡು ಕಿಟಕಿ ತೆರೆಯಕೂಡದು.

ದೋನ್ಕಾ ಅವರು ಆಸ್ಪತ್ರೆಯಿಂದ ಬಂದಾಗ ಅವರಿಗೆ ಬೇರೆ ಕೋಣೆ ಕೊಡಬೇಕೆಂದು ಮೇಲ್ವಿಚಾರಕರಲ್ಲಿ ವಿನಂತಿಸಿದೆ. ಕೋಣೆ ಖಾಲಿಯಿಲ್ಲವೆಂದರು. ನನಗೆ ಆ ಮಹಿಳೆಯ ಮೇಲೆ ದ್ವೇಷವಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು, ಸ್ವಚ್ಛವಾಗಿರುವವರು. ಆದರೆ ಅವರು ಮಾತನಾಡುವ ಭಾಷೆಯನ್ನು ಅಕ್ಟೋಬರ್‌ನಿಂದ ತಿದ್ದುತ್ತಿದ್ದೇನೆ, ಒಂದು ಕ್ರಿಯಾಪದವೂ ನೆಟ್ಟಗಾಗಿಲ್ಲ.

ಜನವರಿ 27

ದೋನ್ಕಾ ಅವರನ್ನು ಕರೆತಂದರು. ಅಂಗಿಯೊಳಗೆ ಮನುಷ್ಯರಿಗಿಂತ ಖಾಲಿ ಜಾಗವೇ ಹೆಚ್ಚಾಗಿದೆ.

ಎದೆರೋಗದ ವೈದ್ಯೆ ರಾಶ್ಕೋವಾ ಅವರೂ ಬಂದಿದ್ದರು. ಕಾರಿಡಾರಿನಲ್ಲಿ ಎಲ್ಲರೂ ನೆರೆದಿರುವ ಹೊತ್ತನ್ನು ಆರಿಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ನಾನು ಪ್ರಶ್ನಿಸಿದೆ: "ವೈದ್ಯರೇ, ಶ್ರೀಮತಿ ದೋನ್ಕಾ ಅವರ ಸೋಂಕಿಗೆ ಕಿಟಕಿ ಕಾರಣವೇ, ಅಲ್ಲವೇ, ದಯವಿಟ್ಟು ಸ್ಪಷ್ಟವಾಗಿ ತಿಳಿಸಿ."

ಅವರು ಕನ್ನಡಕ ಒರೆಸುತ್ತ ನಕ್ಕರು. "ಕಿಟಕಿ ಪಾಪ ಏನು ಮಾಡುತ್ತೆ, ಟೀಚರ್? ಬಾಯಿಂದ ಬಂದಿದ್ದು ಇದು."

ಬಾಯಿ ಶುಚಿಯಾಗಿಲ್ಲದಿದ್ದರೆ ಅಲ್ಲಿ ರೋಗಾಣುಗಳು ಬೆಳೆಯುತ್ತವೆ. ನುಂಗುವ ಶಕ್ತಿ ಕುಂದಿದವರಲ್ಲಿ, ಮುಖ್ಯವಾಗಿ ನಿದ್ದೆಯಲ್ಲಿ, ಎಂಜಲು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಅದರೊಂದಿಗೆ ಅವೂ ಇಳಿದು ಎದೆಯಲ್ಲಿ ಮನೆಮಾಡುತ್ತವೆ ಎಂದು ವಿವರಿಸಿದರು. ಪ್ರತಿ ಊಟದ ನಂತರ ಬಾಯಿ ಶುಚಿಮಾಡಬೇಕು. ಊಟವಾದ ಕೂಡಲೇ ಮಲಗಿಸಬಾರದು. ಕಟ್ಟಿಸಿದ ಹಲ್ಲನ್ನು ಉಜ್ಜಿ ತೊಳೆಯಬೇಕು, ರಾತ್ರಿ ಕಳಚಿ ನೀರಿನಲ್ಲಿಡಬೇಕು. ಹಲ್ಲು ಹಾಕಿಕೊಂಡೇ ಮಲಗುವವರಿಗೆ ಅಪಾಯ ಹೆಚ್ಚು. ಆಮೇಲೆ ರೂಝಾ ಅವರತ್ತ ತಿರುಗಿ, ತಗ್ಗಿದ ಧ್ವನಿಯಲ್ಲಿ, ಆದರೆ ನನಗೆ ಕೇಳಿಸುವಷ್ಟು, ಹೇಳಿದರು: "ಇನ್ನೊಂದು ಸಲ ಬಂದರೆ ಇವರ ಮೈ ತಡೆಯಲ್ಲ. ಔಷಧಿ ಇರುತ್ತೆ, ಅದನ್ನು ತಗೊಳೋಕೆ ಶಕ್ತಿ ಇರಲ್ಲ."

ನನ್ನ ಕಿಟಕಿಗೆ ನ್ಯಾಯ ಸಿಕ್ಕಿತು. ಗೆನ್ಚೋ ಅವರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಇಂದಿನ ಬೀನ್ಸ್ ಸಾರು ರುಚಿಯಾಗಿತ್ತು.

ಜನವರಿ 30

ದೋನ್ಕಾ ಅವರು ಬಾಯಿ ತೆರೆಯುವುದಿಲ್ಲ. ರೂಝಾ ಬ್ರಷ್ ಹಿಡಿದು ಬಂದರೆ ತುಟಿ ಬಿಗಿದು ಗೋಡೆಯತ್ತ ತಿರುಗುತ್ತಾರೆ. ಇಡೀ ಮಹಡಿಗೆ ಇಬ್ಬರೇ ನರ್ಸ್‌ಗಳು. ಒಬ್ಬರ ಬಾಯಿ ತೆರೆಸಲು ಬೆಳಗೆಲ್ಲ ಕಾಯಲು ಅವರಿಗೆ ಬಿಡುವಿಲ್ಲ. ನೀವು ಹೇಳಿದರೆ ಕೇಳಿಯಾರು ಎಂದು ರೂಝಾ ನನ್ನನ್ನು ಒತ್ತಾಯಿಸಿದರು.

ನಾನು ವಿಷಯವನ್ನು ಕ್ರಮವಾಗಿ ಮಂಡಿಸಿದೆ. ರಾತ್ರಿ ಹಲ್ಲು ಕಳಚಿಡುವುದರ ಪ್ರಯೋಜನ, ಕಳಚದಿರುವುದರ ಅಪಾಯ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಡಗೈಯಿಂದ ಮಂಚದ ಕೆಳಗಿನ ಗಂಟನ್ನು ತೋರಿಸಿದರು. ಅದರಲ್ಲಿ ಏನಿದೆಯೆಂದು ಕೇಳುವ ಅಗತ್ಯವಿರಲಿಲ್ಲ. ನಮ್ಮ ವಯಸ್ಸಿನ ಯಾವ ಹೆಂಗಸು ಆ ಗಂಟಿಲ್ಲದೆ ಮಲಗುತ್ತಾಳೆ? ಕೊನೆಯ ದಿನ ಉಡಿಸಬೇಕಾದ ಬಟ್ಟೆ, ಹೊಸ ಕಾಲುಚೀಲ, ತಲೆವಸ್ತ್ರ, ಮೇಣದ ಬತ್ತಿ. ನನ್ನದೂ ಕಪಾಟಿನಲ್ಲಿದೆ, ಬೂದು ಬಣ್ಣದ ಕೋಟಿನ ಜೊತೆ.

"ಎಲ್ಲಾ ಮಡಗಿವ್ನಿ, ಟೀಚರಮ್ಮ," ಎಂದರು. "ನಾನೇ ಹೊಲ್ದಿರೋ ಬಟ್ಟೆ. ಆದ್ರೆ ಹಲ್ಲ ಗಂಟಲ್ಲಿ ಮಡಗಕ್ಕಾಯ್ತದಾ? ರಾತ್ರಿ ಮಲಗ್ದೋಳು ಏಳ್ದೆ ಹೋದ್ರೆ? ಬೆಳಗಾಗೋದ್ರೊಳ್ಗೆ ದವಡೆ ಬಿಗ್ದೋಯ್ತದೆ. ಆಮ್ಯಾಕೆ ಯಾರ್ ಬಂದ್ರೂ ಹಾಕಕ್ಕಾಗಲ್ಲ. ನಮ್ ಚಿಕ್ಕವ್ವನ್ನ ಹಂಗೇ ಕಳಿಸ್ಬುಟ್ರು, ಬೊಕ್ಕುಬಾಯಲ್ಲಿ. ಚರ್ಚಲ್ಲಿ ಊರೋರೆಲ್ಲ ನೋಡುದ್ರು. ನಾನ್ ಹಂಗೆ ನನ್ ಸ್ಲಾವಿ ಮುಂದಕ್ಕೆ ಹೋಗಕಿಲ್ಲ."

ಸ್ಲಾವಿ ಎಂದರೆ ಅವರ ಗಂಡ. ತೀರಿಹೋಗಿ ಬಹಳ ವರ್ಷಗಳಾದವು.

"ಮೃತರು ಅಂಥದ್ದನ್ನೆಲ್ಲ ಗಮನಿಸುತ್ತಾರೆಂಬುದಕ್ಕೆ ಆಧಾರವಿಲ್ಲ," ಎಂದೆ.

"ನನ್ ಗಂಡ ಗಮನಿಸ್ತಿದ್ದ. ಬದುಕಿದ್ದಾಗ ರೊಟ್ಟಿ ಸೀದಿದ್ರೂ ಗಮನಿಸ್ತಿದ್ದ."

ವಿಚಾರಿಸಿದರೆ ಈ ಮಹಡಿಯ ಹೆಂಗಸರೆಲ್ಲ ಹೀಗೆಯೇ ಮಲಗುತ್ತಾರಂತೆ. ಸಾವಿಗೆ ಚೆಂದ ಕಾಣಬೇಕೆಂದು ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು, ಅದೇ ಹಲ್ಲಿನ ದಾರಿಯಲ್ಲಿ ಸಾವನ್ನು ಒಳಗೆ ಕರೆಯುವುದು.

ಫೆಬ್ರವರಿ 1

ದ್ರಾಕ್ಷಿಬಳ್ಳಿ ಸವರುವ ಹಬ್ಬ. ಗೆನ್ಚೋ ಅವರು ಕಿವಿಯ ಹಿಂದೆ ಬಳ್ಳಿಯ ತುಂಡು ಸಿಕ್ಕಿಸಿಕೊಂಡು ಕೋಣೆ ಕೋಣೆಗೆ ಬಂದರು. ವೈದ್ಯೆ ಹೇಳಿದ್ದು ಸರಿಯೇ, ಆದರೆ ಬ್ರಷ್ ಯಾಕೆ, ಹಣ್ಣಿನ ಸಾರಾಯಿ ರಕಿಯಾದಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು ಎಂದು ಅವರ ಸಂಶೋಧನೆ. "ನಾನು ಐವತ್ತು ವರ್ಷದಿಂದ ಮುಕ್ಕಳಿಸ್ತಿದೀನಿ, ಟೀಚರ್. ಉಗಿಯೋದೊಂದು ಅಭ್ಯಾಸ ಆಗಿಲ್ಲ, ಅಷ್ಟೇ."

ನಾನು ಬೆನ್ನು ತಿರುಗಿಸುವಷ್ಟರಲ್ಲಿ ದೋನ್ಕಾ ಅವರಿಗೆ ಒಂದು ಗುಟುಕು ಕೊಟ್ಟೇಬಿಟ್ಟರು. ಅದು ತಪ್ಪು ದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ಅವರ ತುಟಿ ನೀಲಿಯಾಯಿತು. ನಾನು ಅವರನ್ನು ಎತ್ತಿ ಕೂರಿಸಿ, ಮುಂದಕ್ಕೆ ಬಾಗಿಸಿ, ಹಿಡಿದುಕೊಂಡೆ. ಮೈಯಲ್ಲಿ ತೂಕವೇ ಇಲ್ಲ. ಪಕ್ಕೆಲುಬುಗಳು ನನ್ನ ಅಂಗೈಯಲ್ಲಿ ಏರಿಳಿದವು.

ನಾನು ಧ್ವನಿ ಏರಿಸಿದೆನೆಂದು ಗೆನ್ಚೋ ಅವರು ಎಲ್ಲರಿಗೂ ಹೇಳುತ್ತಿದ್ದಾರೆ. ಈ ಸಲ ಅವರು ಹೇಳುತ್ತಿರುವುದು ಬಹುಮಟ್ಟಿಗೆ ಸರಿ.

ಫೆಬ್ರವರಿ 4

ಊಟದ ನಂತರ ಬಾಯಿ ಶುಚಿಮಾಡಲು ದೋನ್ಕಾ ಅವರು ಒಪ್ಪಿದ್ದಾರೆ. ಆದರೆ ರೂಝಾ ಮಾಡಬಾರದಂತೆ. ನಾನು ಮಾಡಬೇಕಂತೆ. "ನೀವು ಪಕ್ಕದ್ ಮಂಚದೋರು," ಎಂಬುದೇ ಕಾರಣ. ಇದರಲ್ಲಿ ತರ್ಕವಿಲ್ಲವೆಂದೆ. ಇಲ್ಲ ಎಂದು ಅವರೂ ಒಪ್ಪಿಕೊಂಡರು.

ರೂಝಾ ನಿಂತು ಹೇಳಿಕೊಟ್ಟರು. ನೆಟ್ಟಗೆ ಕೂರಿಸಿ ಗಲ್ಲವನ್ನು ಸ್ವಲ್ಪ ಕೆಳಗೆ ಬಾಗಿಸುವುದು. ನೀರು ಸುರಿಯದೆ, ಒದ್ದೆ ಮಾಡಿ ಹಿಂಡಿದ ತೆಳುಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು, ಅಂಗುಳ, ನಾಲಿಗೆ ಒರೆಸುವುದು. ಹಲ್ಲಿನ ಸೆಟ್ಟನ್ನು ಸಾಬೂನು ಹಚ್ಚಿ ಬ್ರಷ್ಷಿನಿಂದ ಬೇರೆಯಾಗಿ ತೊಳೆಯುವುದು. ಬಲಗೆನ್ನೆಯಲ್ಲಿ ಸ್ಪರ್ಶವಿಲ್ಲವಾದ್ದರಿಂದ ಅಲ್ಲಿ ಏನಿದೆಯೆಂಬುದು ಅವರಿಗೇ ತಿಳಿಯುವುದಿಲ್ಲ. ಇಂದು ಅಲ್ಲಿ ಬೆಳಗಿನ ಬ್ರೆಡ್ ಇತ್ತು, ಮಧ್ಯಾಹ್ನದ ಕ್ಯಾರೆಟ್ ಇತ್ತು.

"ಸಂಜೀಗ್ ಇರ್ಲಿ ಅಂತ ಮಡಗಿದ್ದೆ," ಎಂದರು.

ನಾನು ಪ್ಯಾಂಟು ಹರಿದುಕೊಂಡ ಮಕ್ಕಳ ಮೊಣಕಾಲು ಒರೆಸಿದ್ದೇನೆ, ಮೂಗು ಒರೆಸಿದ್ದೇನೆ. ಇನ್ನೊಬ್ಬರ ಬಾಯೊಳಗೆ ಬೆರಳಿಟ್ಟಿರಲಿಲ್ಲ. ಮೊದಲ ಕ್ಷಣ ಬೆರಳನ್ನು ಹಿಂದಕ್ಕೆಳೆದುಕೊಂಡೆ. ಆಮೇಲೆ ಅದೊಂದು ಕೆಲಸವಾಯಿತು, ಕೆಲಸವೆಂದ ಮೇಲೆ ಅಚ್ಚುಕಟ್ಟಾಗಿ ಆಗಬೇಕು.

ರಾತ್ರಿಯ ಹಲ್ಲಿನ ವಿಷಯದಲ್ಲಿ ಮಾತ್ರ ಅವರದು ಅದೇ ಹಟ.

ಫೆಬ್ರವರಿ 8

ಇಂದು ಅವರು ನನ್ನನ್ನು ಕೇಳಿದರು: "ನೀವ್ ತೆಗ್ದಿಡ್ತೀರಾ, ಟೀಚರಮ್ಮ?"

ನನ್ನ ವಿಷಯ ಬೇರೆ ಎಂದೆ.

ಫೆಬ್ರವರಿ 11

ವೈದ್ಯೆ ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಬಲಗಡೆ ಕೆಳಭಾಗದಲ್ಲಿ ಸಣ್ಣ ಸದ್ದು ಮತ್ತೆ ಕೇಳುತ್ತಿದೆಯಂತೆ. ಜ್ವರವಿಲ್ಲ. ಇನ್ನೂ ಏನೂ ಆಗಿಲ್ಲ, ಆದರೆ ಆಗುವ ದಾರಿಯಲ್ಲಿದೆ ಎಂದರು. ಹಗಲಿನಲ್ಲಿ ಮಾಡುತ್ತಿರುವ ಶುಚಿಯನ್ನು ಮೆಚ್ಚಿದರು. "ರಾತ್ರಿಯದು ಬಾಕಿ ಇದೆ, ಟೀಚರ್. ಹಗಲು ಗುಡಿಸಿ ರಾತ್ರಿ ಬಾಗಿಲು ತೆಗೆದಿಟ್ಟ ಹಾಗೆ ಆಗ್ತಿದೆ."

ಕಾರಿಡಾರಿನ ಕೊನೆಯವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ.

ಫೆಬ್ರವರಿ 12

ಇದನ್ನು ನಾನು ಎಲ್ಲಿಯೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ನನ್ನ ಹಲ್ಲುಗಳೂ ನನ್ನವಲ್ಲ, ಮೇಲಿನ ಸಾಲೂ ಕೆಳಗಿನದೂ. ನಿವೃತ್ತಿಗೆ ಕೆಲವು ವರ್ಷ ಮೊದಲು, ಬೇಸಿಗೆ ರಜೆಯಲ್ಲಿ, ಬೇರೆ ಊರಿಗೆ ಹೋಗಿ ಕಟ್ಟಿಸಿಕೊಂಡೆ. ಶಾಲೆ ತೆರೆಯುವಷ್ಟರಲ್ಲಿ ಪ್ರತಿಯೊಂದು ಅಕ್ಷರದ ಉಚ್ಚಾರಣೆಯನ್ನೂ ಕನ್ನಡಿಯ ಮುಂದೆ ಮತ್ತೆ ಕಲಿತೆ. ನನ್ನ ಗಂಡನಿಗೂ ತಿಳಿಯಲಿಲ್ಲ. ಬಾಗಿಲು ಹಾಕಿಕೊಂಡು ತೊಳೆಯುತ್ತೇನೆ, ಹಾಕಿಕೊಂಡೇ ಮಲಗುತ್ತೇನೆ. ದಂತ್ಯಾಕ್ಷರಗಳನ್ನು ತಪ್ಪಾಗಿ ಉಚ್ಚರಿಸುವ ಶಿಕ್ಷಕಿ ತೆಮೆನುಗಾ ದ್ರಗನೋವಾಳನ್ನು ಯಾರೂ ನೋಡಕೂಡದು ಎಂಬುದಷ್ಟೇ ನನ್ನ ನಿಲುವಾಗಿತ್ತು.

ಸಂಜೆಯ ಊಟದ ತಟ್ಟೆಗಳು ಹೋದ ಮೇಲೆ ಪರದೆ ಎಳೆದೆ. ಹೊರಗೆ ಇನ್ನೂ ಬೆಳಕಿತ್ತು. ದೋನ್ಕಾ ಅವರ ಮಂಚದ ಅಂಚಿನಲ್ಲಿ ಕುಳಿತು, ಕರವಸ್ತ್ರ ಅಡ್ಡ ಹಿಡಿಯದೆ, ಎರಡೂ ಸಾಲುಗಳನ್ನು ತೆಗೆದು ಬಟ್ಟಲಿನ ನೀರಿಗೆ ಹಾಕಿದೆ. ಮುಖದ ಕೆಳಭಾಗವೆಲ್ಲ ಒಳಗೆ ಬಿದ್ದುಹೋದಂತಾಯಿತು.

ಅವರಿಗೆ ಆಶ್ಚರ್ಯವಾಗಲೇ ಇಲ್ಲ.

"ಬಂದ್ ಹೊಸ್ತ್ರಲ್ಲೇ ಗೊತ್ತಾಯ್ತು," ಎಂದರು. "ಬಚ್ಚಲಲ್ಲಿ ನೀರ್ ಬಿಟ್ಕೊಂಡು ತೊಳೀತೀರಲ್ಲ, ಪಿಂಗಾಣಿಗ್ ತಗುಲಿ ಟಿಣ್ ಅಂತದೆ. ಯಾರ್‍ಗೂ ಹೇಳ್ಲಿಲ್ಲ ನಾನು. ಹೇಳೋ ಅಂತದ್ದಾ ಅದು?"

ಅಕ್ಟೋಬರ್‌ನಿಂದ ನಾನು ಅವರ ಕ್ರಿಯಾಪದಗಳನ್ನು ತಿದ್ದುತ್ತಿದ್ದ ಅಷ್ಟೂ ದಿನ ಅವರಿಗೆ ಇದು ಗೊತ್ತಿತ್ತು.

ಮಾತನಾಡಲು ಹೊರಟೆ. ಬಂದದ್ದು ಗಾಳಿ ಮತ್ತು ಎಂಜಲು. ಮತ್ತೆ ಪ್ರಯತ್ನಿಸಿದೆ. "ಈಗ ನಿಮ್ಮದು."

ಅವರು ನನ್ನ ಬಾಯನ್ನೇ ನೋಡಿದರು. "ರಾತ್ರಿ ಹೊರಟೋದ್ರೆ?"

"ನಾನು ಹಾಕುತ್ತೇನೆ. ನರ್ಸ್‌ಗೆ ಗಂಟೆ ಒತ್ತುವುದಕ್ಕಿಂತ ಮೊದಲು. ನಿಮ್ಮನ್ನು ಯಾರೂ ನೋಡುವುದಿಲ್ಲ."

"ನಿದ್ದೆ ಬಂದ್ಬುಟ್ರೆ ನಿಮ್ಗೆ?"

"ನನಗೆ ನಿದ್ದೆ ಎಲ್ಲಿದೆ? ನಿಮ್ಮ ಉಸಿರು ಕೇಳುತ್ತಲೇ ಇರುತ್ತೇನೆ."

ಅದು ಸುಳ್ಳಲ್ಲವೆಂದು ಬರೆಯುವಾಗ ತಿಳಿಯುತ್ತಿದೆ.

"ನೀವ್ ಮೊದ್ಲು ಹೋದ್ರೆ ನಾನ್ ಹಾಕ್ತೀನಿ," ಎಂದರು ಅವರು. "ಈ ಕೈ ಸತ್ತದೆ. ಆ ಕೈ ಇನ್ನೂ ಸೂಜಿಗ್ ದಾರ ಪೋಣಿಸ್ತದೆ." ಆಮೇಲೆ ಎಡಗೈಯಿಂದ ತಮ್ಮ ಹಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ಅಕ್ಕತಂಗೀರ್ ಆಗೋದ್ವಿ ನೋಡಿ," ಎಂದರು. ಹಲ್ಲಿಲ್ಲದೆ ನಗುವುದು ನನಗೆ ಹೊಸದು. ಅದಕ್ಕೆ ಸದ್ದು ಕಡಿಮೆ, ಮೈ ಅಲುಗಾಟ ಹೆಚ್ಚು.

ಫೆಬ್ರವರಿ 13

ಒಸಡು ಹಗುರವಾಗಿದೆ. ದೋನ್ಕಾ ಚೆನ್ನಾಗಿ ಮಲಗಿದಳು.

ಫೆಬ್ರವರಿ 21

ಈಗ ಇದು ದಿನಚರಿಯ ಭಾಗ. ಸಂಜೆ ಊಟ, ಬಾಯಿ ಶುಚಿ, ಹಲ್ಲು ತೊಳೆದು ಬಟ್ಟಲಿಗೆ. ಅವಳದು ನೀಲಿ ಬಟ್ಟಲು, ನನ್ನದು ಮುಚ್ಚಳದ್ದು. ಆಮೇಲೂ ಅವಳನ್ನು ಸ್ವಲ್ಪ ಹೊತ್ತು ಕೂರಿಸಿಯೇ ಇಡುತ್ತೇನೆ, ಮಂಚದ ತಲೆಭಾಗ ಎತ್ತರಿಸಿ. ಆ ಹೊತ್ತಿನಲ್ಲಿ ಅವಳು ಕಾರ್ಖಾನೆಯ ಕಥೆ ಹೇಳುತ್ತಾಳೆ. ಸೇನಾಪತಿಯೊಬ್ಬನ ಅಂಗಿಯ ಕಾಲರಿನೊಳಗೆ ಹುಡುಗಿಯರೆಲ್ಲ ಸೇರಿ ಒಂದು ಬೈಗುಳ ಕಸೂತಿ ಮಾಡಿದ್ದರಂತೆ. ಅವನು ಅದನ್ನು ಕುತ್ತಿಗೆಯಲ್ಲಿ ಹೊತ್ತುಕೊಂಡೇ ಪದಕ ಪಡೆದನಂತೆ. ಆ ಬೈಗುಳವನ್ನು ಇಲ್ಲಿ ಬರೆಯಲಾರೆ. ಬಹಳ ಖಚಿತವಾದ ಪದ.

ನಿನ್ನೆ ವೆಲಾ ಬಾಗಿಲು ತಟ್ಟದೆ ಒಳಗೆ ಬಂದಳು. ನಮ್ಮಿಬ್ಬರ ಬಾಯಿ ನೋಡಿ ನಿಂತೇಬಿಟ್ಟಳು; ದೋನ್ಕಾ ಅವಳಿಗೆ ನಮ್ಮ ಒಪ್ಪಂದ ಹೇಳಿದಳು. ಇಂದು ಕುನಾ ಬಂದು, ತಾನೂ ಅಕ್ಕನೂ ಹಾಗೆ ಒಪ್ಪಂದ ಮಾಡಿಕೊಳ್ಳಬಹುದೇ, ಆದರೆ ಅಕ್ಕನ ನಿದ್ದೆ ಕಲ್ಲಿನಂಥದು, ಅವಳನ್ನು ನಂಬುವುದು ಹೇಗೆ ಎಂದು ಕೇಳಿದಳು. ಸದ್ಯಕ್ಕೆ ನಮ್ಮ ಕೋಣೆಯ ಹೊಣೆಗೆ ಅವರಿಬ್ಬರ ಹಲ್ಲುಗಳನ್ನೂ ಸೇರಿಸಿಕೊಂಡಿದ್ದೇನೆ.

ಮಾರ್ಚ್ 1

ಎಲ್ಲರೂ ಒಬ್ಬರಿಗೊಬ್ಬರು ವಸಂತದ ಕೆಂಪು ಬಿಳಿ ದಾರ ಕಟ್ಟಿದರು. ದೋನ್ಕಾ ಬೆಳಿಗ್ಗೆ ಹಲ್ಲು ಹಾಕಿಕೊಳ್ಳುವ ಮೊದಲೇ ನನ್ನ ಮಣಿಕಟ್ಟಿಗೆ ಒಂದೇ ಕೈಯಲ್ಲಿ, ತುದಿಯನ್ನು ಒಸಡಿನಲ್ಲಿ ಕಚ್ಚಿ ಹಿಡಿದು, ಗಂಟು ಹಾಕಿದಳು. ಗಂಟು ಗಟ್ಟಿಯಾಗಿದೆ.

ಮಾರ್ಚ್ 8

ಕೆಳಮಹಡಿಯಿಂದ ಜ್ವರ ಹತ್ತಿ ಬಂದಿದೆ. ಊಟದ ಮನೆಯಲ್ಲಿ ಅರ್ಧ ಕುರ್ಚಿಗಳು ಖಾಲಿ. ಗೆನ್ಚೋ ಅವರ ಕೆಮ್ಮು ಹಳೆಯ ಉಗಿಬಂಡಿಯಂತೆ ಕಾರಿಡಾರಿನಲ್ಲಿ ಓಡಾಡುತ್ತಿದೆ. ಅವರನ್ನು ನಮ್ಮ ಬಾಗಿಲಿನಿಂದಾಚೆ ನಿಲ್ಲಿಸಿದ್ದೇನೆ.

ಮಾರ್ಚ್ 9

ದೋನ್ಕಾಳಿಗೆ ಜ್ವರ.

ಮಾರ್ಚ್ 10

ಸಾರು ಮೂರು ಚಮಚ. ನಡುವೆ ನಿಲ್ಲಿಸಿ, ನುಂಗಿದಳೇ ಎಂದು ಗಂಟಲು ನೋಡಿ, ಮತ್ತೆ. ಆಮೇಲೆ ಬಾಯಿ. ನಾಲಿಗೆ ಒಣಗಿದೆ, ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆ. ಕೆನ್ನೆಯೊಳಗೆ ಏನೂ ಇರಲಿಲ್ಲ.

ಗಂಟಿನ ಬಗ್ಗೆ ಕೇಳಿದಳು. ಇದ್ದಲ್ಲೇ ಇದೆ ಎಂದೆ. ಹಲ್ಲು ಎಲ್ಲಿ ಎಂದಳು. "ಇಲ್ಲೇ ಐತೆ, ನನ್ ಕೈಯಾಗೆ. ಮಲಕ್ಕೊ ನೀನು," ಎಂದೆ.

ಮಾರ್ಚ್ 11

ಉಸಿರು ವೇಗವಾಗಿದೆ. ಒದ್ದೆ ಸದ್ದು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಕಿವಿಯನ್ನು ಅವಳ ಬೆನ್ನಿಗೇ ಇಟ್ಟು ಕೇಳಿದೆ. ನನ್ನ ಎದೆಬಡಿತವೇ ಕೇಳಿಸಿತು.

ಮಾರ್ಚ್ 12

ಬೆಳಿಗ್ಗೆ ತಿಂಡಿಗೆ ಮೊದಲೇ ರಾಶ್ಕೋವಾ ಬಂದರು. ನಾನು ಅವರಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಜ್ವರ ಯಾವಾಗ ಹತ್ತಿತು, ಯಾವಾಗ ಇಳಿಯಿತು, ಎಷ್ಟು ಕುಡಿದಳು, ಒಣಕೆಮ್ಮೋ ಕಫದ್ದೋ. ರೂಝಾಗೆ ದಿಂಬು ಎತ್ತರಿಸಲು ಹೇಳಿದೆ. ಅಕ್ಕತಂಗಿಯರಿಗೆ ಬೆಳಕಿಗೆ ಅಡ್ಡ ನಿಲ್ಲಬೇಡಿರೆಂದೆ. ಗೆನ್ಚೋಗೆ ಬಾಗಿಲಲ್ಲೇ ನಿಲ್ಲು, ಒಳಗೆ ಕಾಲಿಟ್ಟರೆ ನೋಡು ಎಂದೆ.

ವೈದ್ಯೆ ದೋನ್ಕಾಳ ಬೆನ್ನಿನ ಮೇಲೆ ಸ್ಟೆತಸ್ಕೋಪ್ ಸರಿಸುತ್ತ ಹೋದರು. ಎಡಗಡೆ ಮೇಲೆ, ಕೆಳಗೆ. ಬಲಗಡೆ ಮೇಲೆ. ಬಲಗಡೆ ಕೆಳಗೆ ಬಂದಾಗ ನಿಂತರು, ಮತ್ತೆ ಇಟ್ಟರು, ಉಸಿರೆಳೆಯಲು ಹೇಳಿದರು, ಮತ್ತೆ ಎಳೆಯಲು ಹೇಳಿದರು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ, ಗೆನ್ಚೋ ಕೂಡ.

"ಎದೆ ಸ್ವಚ್ಛವಾಗಿದೆ," ಎಂದರು. "ಬರೀ ಗಂಟಲಿನ ಜ್ವರ ಇದು. ಎರಡು ದಿನದಲ್ಲಿ ಇಳಿಯುತ್ತೆ. ಫೆಬ್ರವರಿಯಲ್ಲಿ ಕೇಳಿದ ಸದ್ದೂ ಇಲ್ಲ."

ನಾನು ಏನೋ ಹೇಳಿದೆ. ಏನು ಹೇಳಿದೆನೆಂದು ನೆನಪಿಲ್ಲ. ಉದ್ದವಾಗಿಯೇ ಹೇಳಿರಬೇಕು, ಏಕೆಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ರೂಝಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಅವರೆಲ್ಲ ಹೋದ ಮೇಲೆ ದೋನ್ಕಾ ಕಣ್ಣಿನಿಂದಲೇ ಕಿಟಕಿಯ ಹಲಗೆಯನ್ನು ತೋರಿಸಿದಳು. ಅಲ್ಲಿ ನನ್ನ ಬಟ್ಟಲಿತ್ತು, ಮುಚ್ಚಳ ಮುಚ್ಚಿದಂತೆಯೇ.

"ಅಷ್ಟೊತ್ತೂ ಹಂಗೇ ಭಾಷಣ ಮಾಡ್ದೆ," ಎಂದಳು.

"ನೀನ್ಯಾಕೆ ಹೇಳ್ಲಿಲ್ಲ?"

"ಚೆಂದಾಗ್ ಮಾತಾಡ್ತಿದ್ದೆ. ನಡುವೆ ಯಾಕ್ ತಿದ್ದೋದು ಅಂತ."

ಹಲ್ಲು ಹಾಕಿಕೊಳ್ಳಲು ಎದ್ದೆ. ಅವಳಿಗೆ ಚಹ ಕುಡಿಸುವ ಹೊತ್ತಾಗಿತ್ತು. ಮೊದಲು ಚಹ ಕುಡಿಸಿದೆ.

ಇದು ನಡೆದಾಗ ಕೋಣೆಯಲ್ಲಿದ್ದವರು: ವೈದ್ಯೆ ರಾಶ್ಕೋವಾ, ನರ್ಸ್ ರೂಝಾ, ವೆಲಾ ಮತ್ತು ಅವಳ ತೋಳು ಹಿಡಿದುಕೊಂಡ ಕುನಾ, ಹೊಸ್ತಿಲಿನ ಆಚೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ ಗೆನ್ಚೋ, ಹಲ್ಲಿಲ್ಲದ ತೆಮೆನುಗಾ ಎಂಬ ನಾನು, ಮತ್ತು ದಿಂಬಿಗೆ ಒರಗಿ, ಸದ್ದಿಲ್ಲದೆ ಉಸಿರಾಡುತ್ತಿದ್ದ ದೋನ್ಕಾ.